ಗಿಡ ಬೆಳೆಯುವ ಜಾಗ, ನೀರು ಹರಿಯುವ ದಾರಿ: ಸಸ್ಯ ಅಂಗಾಂಶಗಳನ್ನು ಕಣ್ಣಾರೆ ಕಾಣಲು ಒಂದು ಮಾರ್ಗದರ್ಶಿ

ಪ್ರೌಢಶಾಲೆಯ ವಿಜ್ಞಾನದಲ್ಲಿ ಸಸ್ಯ ಅಂಗಾಂಶಗಳ ಪಾಠವನ್ನು ಹೆಚ್ಚಿನವರು ಚಿತ್ರ ಬರೆದು, ಭಾಗಗಳನ್ನು ಗುರುತಿಸಿ, ಪರೀಕ್ಷೆ ಮುಗಿದ ಮೇಲೆ ಮರೆತುಬಿಡುತ್ತಾರೆ. ಅದಕ್ಕೆ ಕಾರಣ ಪಾಠ ಕಠಿಣವಾಗಿರುವುದಲ್ಲ. ವರ್ಧನ ಅಂಗಾಂಶ (ಕೋಶಗಳು ವಿಭಜನೆಗೊಂಡು ಬೆಳವಣಿಗೆ ಆಗುವ ಜಾಗ), ಕ್ಸೈಲಂ (ನೀರಿನ ದಾರಿ), ಫ್ಲೋಯಂ (ಸಕ್ಕರೆಯ ದಾರಿ) ಎಂಬ ಹೆಸರುಗಳು ಯಾವ ಗಿಡದ ಯಾವ ಜಾಗದಲ್ಲಿ ಇವೆ ಎಂಬುದನ್ನು ಕೈಯಿಂದ ಮುಟ್ಟಿ ನೋಡುವ ಅವಕಾಶ ಬಹಳ ಮಕ್ಕಳಿಗೆ ಸಿಗುವುದಿಲ್ಲ. ಅಡುಗೆಮನೆ, ಹಿತ್ತಲು ಮತ್ತು ತೋಟದಲ್ಲಿ ಸಿಗುವ ವಸ್ತುಗಳಿಂದಲೇ ಈ ಅಂಗಾಂಶಗಳನ್ನು ಒಂದೊಂದಾಗಿ ಕಾಣುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ. ಶಿಕ್ಷಕರಿಗೆ, ವಿದ್ಯಾರ್ಥಿಗಳಿಗೆ ಮತ್ತು ಮನೆಯಂಗಳದಲ್ಲಿ ಗಿಡ ಬೆಳೆಸುವವರಿಗೆ ಇದು ಒಂದೇ ರೀತಿಯಲ್ಲಿ ಉಪಯೋಗಕ್ಕೆ ಬರಬೇಕು ಎಂಬುದು ನನ್ನ ಆಸೆ.

ಆರಂಭಿಸುವ ಮೊದಲು ಒಂದು ವಿಷಯವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಬೆಳವಣಿಗೆ ಮತ್ತು ಸಾಗಣೆ ಎಂಬ ಎರಡು ಕೆಲಸಗಳು ಜೀವಕೋಶದಿಂದ ಪರಸ್ಪರ ವಿರುದ್ಧವಾದ ಗುಣಗಳನ್ನು ಬೇಡುತ್ತವೆ. ವಿಭಜನೆಗೊಳ್ಳಬೇಕಾದ ಕೋಶಕ್ಕೆ ತೆಳುವಾದ ಭಿತ್ತಿ, ಒತ್ತಾಗಿ ತುಂಬಿದ ಕೋಶದ್ರವ್ಯ ಮತ್ತು ದೊಡ್ಡ ಕೋಶಕೇಂದ್ರ ಬೇಕು. ನೀರನ್ನು ಸಾಗಿಸಬೇಕಾದ ಕೋಶಕ್ಕೆ ಒಳಗೆ ಏನೂ ಇರಬಾರದು, ಭಿತ್ತಿ ದಪ್ಪವಾಗಿರಬೇಕು, ತುದಿಗಳು ತೆರೆದಿರಬೇಕು; ಹೀಗಾಗಬೇಕಾದರೆ ಅದು ಸಾಯಲೇಬೇಕು. ಒಂದೇ ಕೋಶ ಎರಡನ್ನೂ ಮಾಡಲಾರದು. ಆದ್ದರಿಂದ ಗಿಡ ಈ ಕೆಲಸಗಳನ್ನು ಬೇರೆ ಬೇರೆ ಜಾಗಗಳಿಗೆ ಹಂಚಿಕೊಂಡಿದೆ. ಮುಂದಿನ ಪ್ರತಿಯೊಂದು ಹಂತದಲ್ಲಿ ನಾವು ನೋಡಬೇಕಾದದ್ದು ಈ ಹಂಚಿಕೆಯನ್ನೇ.

ಬೇಕಾಗುವ ಸಾಮಗ್ರಿಗಳು ಸ್ವಲ್ಪ: ಹೊಸ ಬ್ಲೇಡು, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರ, ನೀರಿನಲ್ಲಿ ಅಳಿಯದ ಕಪ್ಪು ಇಂಡಿಯಾ ಇಂಕ್, ಕೆಂಪು ಶಾಯಿ ಅಥವಾ ತಿನಿಸಿಗೆ ಬಳಸುವ ಕೆಂಪು ಬಣ್ಣ, ಒದ್ದೆ ಬಟ್ಟೆ, ಗಾಜಿನ ಲೋಟಗಳು. ಶಾಲೆಯಲ್ಲಿ ಸಂಯುಕ್ತ ಸೂಕ್ಷ್ಮದರ್ಶಕ ಇದ್ದರೆ ಬಹಳ ಒಳ್ಳೆಯದು. ಬ್ಲೇಡನ್ನು ಬಳಸುವ ಹಂತಗಳಲ್ಲಿ ಚಿಕ್ಕ ಮಕ್ಕಳ ಜೊತೆ ಹಿರಿಯರು ಇರಲೇಬೇಕು.

ಹಂತ 1: ಬೇರು ಎಲ್ಲಿ ಬೆಳೆಯುತ್ತದೆ ಎಂದು ಗುರುತಿಸುವುದು

ಕಡಲೆ ಅಥವಾ ಅಲಸಂದೆ ಕಾಳುಗಳನ್ನು ರಾತ್ರಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿರಿ. ಬೇರು ಸುಮಾರು ಎರಡು ಸೆಂಟಿಮೀಟರ್ ಉದ್ದವಾದಾಗ, ನೆಟ್ಟಗಿರುವ ನಾಲ್ಕೈದು ಮೊಳಕೆಗಳನ್ನು ಆರಿಸಿ, ಬೇರಿನ ಮೇಲಿನ ತೇವವನ್ನು ಹಗುರವಾಗಿ ಒತ್ತಿ ತೆಗೆಯಿರಿ. ಇಂಡಿಯಾ ಇಂಕ್‌ನಲ್ಲಿ ಅದ್ದಿದ ಹೊಲಿಗೆ ದಾರದಿಂದ, ತುದಿಯಿಂದ ಆರಂಭಿಸಿ ಎರಡೆರಡು ಮಿಲಿಮೀಟರ್ ಅಂತರದಲ್ಲಿ ಅಡ್ಡ ಗೆರೆಗಳನ್ನು ಹಾಕಿರಿ. ಗೆರೆ ಒಣಗಿದ ಮೇಲೆ ಬೇರಿನ ತುದಿ ಕೆಳಮುಖವಾಗಿರುವಂತೆ, ಒದ್ದೆ ಕಾಗದ ಹೊದಿಸಿದ ಲೋಟದ ಒಳಗೋಡೆಗೆ ಒತ್ತಿ ನಿಲ್ಲಿಸಿ, ಮೇಲೆ ಮುಚ್ಚಳ ಇಟ್ಟು ಕತ್ತಲಲ್ಲಿ ಇಡಿರಿ.

ಮರುದಿನ ಅಳೆದು ನೋಡಿದರೆ, ಕಾಳಿನ ಹತ್ತಿರದ ಗೆರೆಗಳ ನಡುವಿನ ಅಂತರ ಹಾಗೆಯೇ ಉಳಿದಿರುತ್ತದೆ. ತುದಿಯಿಂದ ಸ್ವಲ್ಪವೇ ಹಿಂದೆ ಇರುವ ಗೆರೆಗಳು ಮಾತ್ರ ದೂರ ಸರಿದು, ಕೆಲವು ಹಿಗ್ಗಿ ಮಾಸಿಹೋಗಿರುತ್ತವೆ. ಜರ್ಮನಿಯ ಸಸ್ಯವಿಜ್ಞಾನಿ ಜೂಲಿಯಸ್ ಸ್ಯಾಕ್ಸ್ 19ನೆಯ ಶತಮಾನದಲ್ಲಿ ಬೇರಿನ ಮೇಲೆ ಹೀಗೆಯೇ ಮಸಿಯ ಗೆರೆಗಳನ್ನು ಹಾಕಿ, ಬೇರಿನ ಬೆಳವಣಿಗೆ ತುದಿಯ ಬಳಿಯ ಒಂದು ಸಣ್ಣ ವಲಯಕ್ಕೆ ಸೀಮಿತವಾಗಿದೆ ಎಂಬುದನ್ನು ತೋರಿಸಿಕೊಟ್ಟರು.

ಇಲ್ಲಿ ಎರಡು ಕ್ರಿಯೆಗಳು ಬೆರೆತಿವೆ. ಇವನ್ನು ಬೇರ್ಪಡಿಸಿ ತಿಳಿಯದೆ ಮುಂದೆ ಹೋಗಬಾರದು. ಬೇರಿನ ಟೋಪಿಯ ಹಿಂದೆಯೇ ಇರುವ ತುದಿ ವರ್ಧನ ಅಂಗಾಂಶದಲ್ಲಿ ಕೋಶಗಳು ವಿಭಜನೆಗೊಂಡು ಸಂಖ್ಯೆ ಹೆಚ್ಚುತ್ತದೆ, ಆದರೆ ಹೊಸ ಕೋಶಗಳು ಚಿಕ್ಕವಾಗಿರುವುದರಿಂದ ಉದ್ದ ಅಷ್ಟಾಗಿ ಹೆಚ್ಚುವುದಿಲ್ಲ. ಅದರ ಹಿಂದಿನ ವಲಯದಲ್ಲಿ ಅದೇ ಕೋಶಗಳು ನೀರನ್ನು ಹೀರಿ, ಒಳಗಿನ ಸಣ್ಣ ರಸದಾನಿಗಳು (ರಸ ತುಂಬಿದ ಚೀಲಗಳು) ಕೂಡಿ ಒಂದು ದೊಡ್ಡ ರಸದಾನಿಯಾಗಿ, ಕೋಶ ಉದ್ದಕ್ಕೆ ಹಲವು ಪಟ್ಟು ಹಿಗ್ಗುತ್ತದೆ. ನಿಮ್ಮ ಗೆರೆಗಳು ದೂರ ಸರಿದದ್ದು ಮುಖ್ಯವಾಗಿ ಈ ಹಿಗ್ಗುವಿಕೆಯಿಂದ. ಒಂದು ಮೊಳಕೆಯ ಬೇರಿನ ತುದಿಯ ಮೂರ್ನಾಲ್ಕು ಮಿಲಿಮೀಟರ್ ಕತ್ತರಿಸಿ ತೆಗೆದು ಆ ಮೊಳಕೆಯನ್ನು ಪಕ್ಕದಲ್ಲೇ ಇಟ್ಟರೆ, ಅದರ ಬೇರು ಉದ್ದವಾಗುವುದನ್ನು ನಿಲ್ಲಿಸುವುದನ್ನೂ ನೋಡಬಹುದು.

ಇದೇ ಸಮಯದಲ್ಲಿ ಇನ್ನೊಂದು ತಟ್ಟೆಯಲ್ಲಿ ಕಪ್ಪು ಬಟ್ಟೆಯನ್ನು ಒದ್ದೆ ಮಾಡಿ ರಾಗಿ ಅಥವಾ ಸಾಸಿವೆ ಕಾಳುಗಳನ್ನು ಚೆಲ್ಲಿ ಮುಚ್ಚಿಡಿರಿ. ಎರಡು ಮೂರು ದಿನಗಳಲ್ಲಿ ಬೇರಿನ ಸುತ್ತ ಬಿಳಿಯ ನಯವಾದ ರೋಮಗಳು ಕಾಣುತ್ತವೆ. ಇವನ್ನು ಬೂಷ್ಟು ಎಂದು ತಿಳಿದು ಎಸೆಯುವವರಿದ್ದಾರೆ. ಕೈಮಸೂರದಲ್ಲಿ ರೋಮಗಳು ಬಿಡಿಬಿಡಿಯಾಗಿ ಕಾಣುತ್ತವೆ; ಪ್ರತಿಯೊಂದು ರೋಮವೂ ಬೇರಿನ ಹೊರಚರ್ಮದ ಒಂದೇ ಕೋಶದ ಚಾಚು. ರೋಮಗಳು ತುದಿಯಲ್ಲಿ ಇಲ್ಲದಿರುವುದನ್ನು ತಪ್ಪದೆ ಗಮನಿಸಿರಿ. ಇನ್ನೂ ಉದ್ದವಾಗುತ್ತಿರುವ ಭಾಗದಲ್ಲಿ ರೋಮ ಹುಟ್ಟಿದರೆ ಮಣ್ಣಿನ ಕಣಗಳ ನಡುವೆ ಜಾರುವಾಗ ಅದು ಹರಿದುಹೋಗುತ್ತದೆ. ಆದ್ದರಿಂದ ಹಿಗ್ಗುವುದು ನಿಂತ ಮೇಲೆಯೇ ಅದು ಹುಟ್ಟುತ್ತದೆ.

ಹಂತ 2: ಹುಲ್ಲಿನ ಬುಡ, ತೆಂಗಿನ ಸುಳಿ

ಹುಲ್ಲಿನ ಗರಿಯ ಮೇಲೂ ಹೀಗೆಯೇ ಗೆರೆಗಳನ್ನು ಹಾಕಿ ನೋಡಿದರೆ, ಬೆಳವಣಿಗೆ ತುದಿಯಲ್ಲಿ ಇಲ್ಲದೆ ಗರಿಯ ಬುಡದಲ್ಲಿ ಇರುವುದು ಕಾಣುತ್ತದೆ. ದನ ಮೇಯ್ದ ಹುಲ್ಲುಗಾವಲು ಮತ್ತೆ ಚಿಗುರುವುದಕ್ಕೆ ಈ ಬುಡದ ವರ್ಧನ ಅಂಗಾಂಶವೇ ಮುಖ್ಯ ಕಾರಣ. ಮಳೆಗಾಳಿಗೆ ಬಿದ್ದ ರಾಗಿ ಪೈರು ಗೆಣ್ಣಿನ ಬಳಿ ಬಾಗಿ ಮತ್ತೆ ತಲೆ ಎತ್ತುವುದೂ ಗೆಣ್ಣಿನ ಕೆಳಬದಿಯ ಕೋಶಗಳು ಹೆಚ್ಚು ಹಿಗ್ಗುವುದರಿಂದ.

ತೆಂಗು ಮತ್ತು ಅಡಿಕೆಯಲ್ಲಿ ಇದಕ್ಕೆ ವಿರುದ್ಧವಾದ ಸ್ಥಿತಿ ಇದೆ. ಇಡೀ ಮರಕ್ಕೆ ಒಂದೇ ತುದಿ ವರ್ಧನ ಅಂಗಾಂಶ. ಅದು ಎಳೆಯ ಗರಿಗಳ ನಡುವೆ, ಸುಳಿಯೊಳಗೆ ಅಡಗಿದೆ. ಮಾವಿನ ಮರದ ಒಂದು ಕೊಂಬೆಯ ತುದಿ ಹೋದರೆ ಪಕ್ಕದ ಮೊಗ್ಗು ಚಿಗುರುತ್ತದೆ, ಆದರೆ ಸುಳಿ ಕೊಳೆ ರೋಗ ತೆಂಗಿನ ಬೆಳವಣಿಗೆಯ ತುದಿಯನ್ನು ತಲುಪಿದರೆ ಮರ ಉಳಿಯುವುದಿಲ್ಲ. ಹಳೆಯ ಗರಿಗಳು ಇನ್ನೂ ಹಸಿರಾಗಿರುವುದನ್ನು ನೋಡಿ ಮರ ಚೆನ್ನಾಗಿದೆ ಎಂದು ಭಾವಿಸುವುದು ಅಪಾಯ. ಸುಳಿಯ ಎಳೆ ಗರಿ ಬಣ್ಣಗೆಡುವುದು, ಬಾಗುವುದು ಅಥವಾ ಎಳೆದರೆ ಸಲೀಸಾಗಿ ಕೈಗೆ ಬರುವುದು ಕಂಡ ಕೂಡಲೇ ತೋಟಗಾರಿಕೆ ಇಲಾಖೆಯವರ ಸಲಹೆ ಪಡೆಯಬೇಕು.

ಹಂತ 3: ನೀರು ಏರುವ ದಾರಿಗೆ ಬಣ್ಣ ಹಾಕುವುದು

ಇದಕ್ಕೆ ಕರ್ಣಕುಂಡಲ ಗಿಡ ಅತ್ಯುತ್ತಮ, ಏಕೆಂದರೆ ಅದರ ಕಾಂಡ ಅರೆಪಾರದರ್ಶಕವಾಗಿದ್ದು ಒಳಗೆ ಏರುವ ಬಣ್ಣ ಹೊರಗಿನಿಂದಲೇ ಕಾಣುತ್ತದೆ. ಅದು ಸಿಗದಿದ್ದರೆ ಬಿಳಿ ಸೇವಂತಿಗೆ ಅಥವಾ ಸುಗಂಧರಾಜದ ಹೂದಂಟು ಆದೀತು.

ದಂಟಿನ ಬುಡವನ್ನು ನೀರಿನಲ್ಲಿ ಮುಳುಗಿಸಿ, ನೀರಿನೊಳಗೆಯೇ ಒಂದು ಸೆಂಟಿಮೀಟರ್‌ನಷ್ಟು ಓರೆಯಾಗಿ ಕತ್ತರಿಸಿರಿ. ಗಾಳಿಯಲ್ಲಿ ಕತ್ತರಿಸಿದರೆ ನಾಳಗಳೊಳಗೆ ಗಾಳಿ ನುಗ್ಗಿ ನೀರಿನ ಎಳೆ ತುಂಡಾಗುತ್ತದೆ. ಹೂದಾನಿಯಲ್ಲಿ ನೀರಿದ್ದರೂ ಹೂ ಬೇಗ ಬಾಡುವುದಕ್ಕೆ ಇದೂ ಒಂದು ಕಾರಣ. ಬಳಿಕ ದಂಟನ್ನು ಕೆಂಪು ಬಣ್ಣದ ನೀರಿಗೆ ವರ್ಗಾಯಿಸಿರಿ. ಗಿಡವನ್ನು ಬೇರುಸಹಿತ ಕಿತ್ತು ಇಡಬಾರದೇ ಎಂದು ಮಕ್ಕಳು ಕೇಳುತ್ತಾರೆ. ಅದು ಒಳ್ಳೆಯ ಪ್ರಶ್ನೆ. ಗಾಯವಾಗದ ಬೇರಿನ ಒಳಪದರವಾದ ಅಂತಃಚರ್ಮದ ಕೋಶಗಳ ನಡುವೆ ನೀರು ನುಸುಳದ ಮೇಣದಂಥ ಪಟ್ಟಿ ಇರುತ್ತದೆ. ಅದರಿಂದಾಗಿ ಒಳಗೆ ಹೋಗುವ ಪ್ರತಿಯೊಂದು ವಸ್ತುವೂ ಜೀವಂತ ಕೋಶಗಳ ಪೊರೆಯನ್ನು ದಾಟಲೇಬೇಕು, ಹಾಗಾಗಿ ಬಣ್ಣದ ಬಹುಪಾಲು ಅಲ್ಲಿಯೇ ತಡೆಯಲ್ಪಡುತ್ತದೆ.

ಸಮಾನ ಗಾತ್ರದ ಎರಡು ದಂಟುಗಳನ್ನು ತೆಗೆದುಕೊಂಡು ಒಂದರ ಎಲೆಗಳನ್ನೆಲ್ಲ ಕಿತ್ತು, ಇನ್ನೊಂದನ್ನು ಹಾಗೆಯೇ ಬಿಟ್ಟು, ಎರಡನ್ನೂ ಗಾಳಿಯಾಡುವ ಬೆಳಕಿನ ಜಾಗದಲ್ಲಿ ಇಡಿರಿ. ಗಂಟೆಯ ಬಳಿಕ ನೋಡಿದರೆ ಎಲೆಗಳಿರುವ ದಂಟಿನಲ್ಲಿ ಬಣ್ಣ ಹೆಚ್ಚು ಎತ್ತರಕ್ಕೆ ಹೋಗಿರುತ್ತದೆ. ನೀರನ್ನು ಮೇಲೆತ್ತುವ ಶಕ್ತಿ ಮುಖ್ಯವಾಗಿ ಎಲೆಯ ಕಡೆಯಿಂದ ಬರುತ್ತದೆ ಎಂಬುದಕ್ಕೆ ಇದಕ್ಕಿಂತ ಸರಳವಾದ ಪುರಾವೆ ಬೇಕಿಲ್ಲ. ಬೇರು ಹೀರಿದ ನೀರಿನ ಶೇ. 95ಕ್ಕೂ ಹೆಚ್ಚು ಭಾಗ ಪತ್ರರಂಧ್ರಗಳ ಮೂಲಕ ಆವಿಯಾಗಿ ಹೋಗುತ್ತದೆ. ಹಾಗೆ ಹೋಗುವ ನೀರು, ಒಂದಕ್ಕೊಂದು ಅಂಟಿಕೊಂಡಿರುವ ನೀರಿನ ಅಣುಗಳ ಇಡೀ ಸ್ತಂಭವನ್ನೇ ಮೇಲಕ್ಕೆ ಎಳೆಯುತ್ತದೆ. ಡಬ್ಲಿನ್ನಿನ ಹೆನ್ರಿ ಡಿಕ್ಸನ್ ಮತ್ತು ಜಾನ್ ಜೋಲಿ 1894ರಲ್ಲಿ ಮುಂದಿಟ್ಟ ಈ ವಿವರಣೆಯೇ ಇಂದಿಗೂ ನಿಂತಿದೆ.

ಇದಕ್ಕೆ ಭಿನ್ನವಾದ ವಾದ ನಮ್ಮ ದೇಶದಿಂದಲೇ ಬಂದಿತ್ತು. ಕಾಂಡದ ಜೀವಂತ ಕೋಶಗಳ ಮಿಡಿತವೇ ರಸವನ್ನು ಮೇಲೆ ತಳ್ಳುತ್ತದೆ ಎಂದು ಜಗದೀಶಚಂದ್ರ ಬೋಸ್ 1920ರ ದಶಕದಲ್ಲಿ ಪ್ರತಿಪಾದಿಸಿದ್ದರು. ಆದರೆ ಅದಕ್ಕೂ ಮೊದಲೇ ಸಸ್ಯವಿಜ್ಞಾನಿ ಎಡ್ವರ್ಡ್ ಸ್ಟ್ರಾಸ್‌ಬರ್ಗರ್ ಮರದ ಕಾಂಡಕ್ಕೆ ವಿಷದ ದ್ರಾವಣ ಏರಿಸಿ, ಕಾಂಡದ ಜೀವಂತ ಕೋಶಗಳು ಸತ್ತ ಮೇಲೂ ದ್ರವ ಏರುತ್ತಲೇ ಇರುವುದನ್ನು ತೋರಿಸಿದ್ದರು. ಗಿಡಗಳ ಸಂವೇದನೆಯ ಬಗ್ಗೆ ಬೋಸ್ ಮಾಡಿದ ಕೆಲಸದ ಹಿರಿಮೆ ಇದರಿಂದ ಕುಂದುವುದಿಲ್ಲ. ಆದರೆ ನೀರಿನ ಸಾಗಣೆಯ ವಿಷಯದಲ್ಲಿ ಸಾಕ್ಷ್ಯ ಸತ್ತ ಕೋಶಗಳ ಕಡೆಗೇ ಇದೆ.

ಹಂತ 4: ಅಡ್ಡಕೊಯ್ತ

ಬಣ್ಣ ಏರಿದ ದಂಟನ್ನು ಬ್ಲೇಡಿನಿಂದ ಅಡ್ಡಲಾಗಿ ತೆಳುವಾದ ಬಿಲ್ಲೆಗಳಾಗಿ ಕೊಯ್ಯಿರಿ. ದಂಟು ಮೆದುವಾಗಿದ್ದರೆ ಗಜ್ಜರಿಯ ತುಂಡಿನಲ್ಲಿ ಸೀಳು ಮಾಡಿ, ಅದರೊಳಗೆ ದಂಟನ್ನು ಸೇರಿಸಿ ಎರಡನ್ನೂ ಒಟ್ಟಿಗೆ ಕೊಯ್ದರೆ ಹಿಸುಕುವುದಿಲ್ಲ. ಬ್ಲೇಡನ್ನೂ ದಂಟನ್ನೂ ನೀರಿನಲ್ಲಿ ತೋಯಿಸಿ, ಬ್ಲೇಡನ್ನು ಒತ್ತದೆ ನಿಮ್ಮ ಕಡೆಗೆ ಜಾರಿಸುತ್ತ ಎಳೆಯಬೇಕು. ಹತ್ತಾರು ಬಿಲ್ಲೆಗಳನ್ನು ನೀರಿನ ತಟ್ಟೆಗೆ ಬಿಟ್ಟು, ಅವುಗಳಲ್ಲಿ ಅತ್ಯಂತ ತೆಳುವಾದದ್ದನ್ನು ಆರಿಸಿಕೊಳ್ಳುವುದು ವಾಡಿಕೆ.

ಕರ್ಣಕುಂಡಲ ದ್ವಿದಳ ಸಸ್ಯ. ಅದರಲ್ಲಿ ಕೆಂಪು ಚುಕ್ಕೆಗಳು ಒಂದು ವರ್ತುಲವಾಗಿ ನಿಂತಿರುತ್ತವೆ. ಹೋಲಿಕೆಗಾಗಿ ಎಳೆಯ ಮೆಕ್ಕೆಜೋಳದ ಕಾಂಡವನ್ನು ಕೊಯ್ದರೆ ಚುಕ್ಕೆಗಳು ಕಾಂಡದ ತುಂಬ ಚದುರಿರುವುದು ಕಾಣುತ್ತದೆ. ಪ್ರತಿಯೊಂದು ಚುಕ್ಕೆಯೂ ಒಂದು ನಾಳಕೂರ್ಚ, ಅಂದರೆ ಸಾಗಣೆಯ ನಾಳಗಳ ಕಟ್ಟು. ದ್ವಿದಳದ ನಾಳಕೂರ್ಚದಲ್ಲಿ ಸಾಮಾನ್ಯವಾಗಿ ಒಳಗಡೆಗೆ ಕ್ಸೈಲಂ, ಹೊರಗಡೆಗೆ ಫ್ಲೋಯಂ, ಎರಡರ ನಡುವೆ ಕ್ಯಾಂಬಿಯಂ ಎಂಬ ತೆಳುವಾದ ವರ್ಧನ ಅಂಗಾಂಶ ಇರುತ್ತದೆ. ಬಣ್ಣ ಹಿಡಿದದ್ದು ಕ್ಸೈಲಂ ಮಾತ್ರ ಎಂಬುದನ್ನು ಸೂಕ್ಷ್ಮದರ್ಶಕದಲ್ಲಿ ಖಚಿತಪಡಿಸಿಕೊಳ್ಳಬಹುದು. ಮೆಕ್ಕೆಜೋಳ, ತೆಂಗಿನಂಥ ಏಕದಳಗಳಲ್ಲಿ ಈ ಕ್ಯಾಂಬಿಯಂ ಇಲ್ಲ. ಏರುವ ಸಲುವಾಗಿ ತೆಂಗಿನ ಕಾಂಡದಲ್ಲಿ ಕಡಿದ ಮೆಟ್ಟಿಲುಗಳು ಎಷ್ಟು ವರ್ಷಗಳಾದರೂ ಮುಚ್ಚಿಕೊಳ್ಳದೆ ಉಳಿಯುವುದೂ, ತೆಂಗಿಗೆ ಕಸಿ ಕಟ್ಟಲು ಬಾರದಿರುವುದೂ ಇದರಿಂದಲೇ.

ಹಂತ 5: ಬಾಳೆದಿಂಡಿನ ಎಳೆ ಮತ್ತು ಬೆತ್ತದ ತುಂಡು

ಈ ಹಂತ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು, ಏಕೆಂದರೆ ಇದರ ಸಾಕ್ಷ್ಯ ನಮ್ಮ ಅಡುಗೆಮನೆಗಳಲ್ಲಿ ತಲೆಮಾರುಗಳಿಂದ ಎಲ್ಲರ ಕಣ್ಣೆದುರು ಇದೆ. ಪಲ್ಯಕ್ಕೆ ಬಾಳೆದಿಂಡು ಹೆಚ್ಚುವಾಗ, ಒಂದು ಬಿಲ್ಲೆಯನ್ನು ಕೊಯ್ದು ದೂರ ಸರಿಸಿದರೆ ನಡುವೆ ನವಿರಾದ ಎಳೆಗಳು ಹಿಗ್ಗುತ್ತ ಬರುತ್ತವೆ; ಅವನ್ನು ಬೆರಳಿಗೆ ಸುತ್ತಿಕೊಂಡು ತೆಗೆಯುವುದು ರೂಢಿ. ಈ ಸಲ ಅವುಗಳಲ್ಲಿ ಒಂದನ್ನು ಗಾಜಿನ ಪಟ್ಟಿಯ ಮೇಲೆ ಒಂದು ಹನಿ ನೀರಿನಲ್ಲಿ ಇಟ್ಟು ಸೂಕ್ಷ್ಮದರ್ಶಕದ ಕೆಳಗೆ ನೋಡಿರಿ. ಸುರುಳಿ ಸುರುಳಿಯಾದ ತಂತು ಕಾಣುತ್ತದೆ. ತಾವರೆಯ ದಂಟನ್ನು ಮುರಿದು ಎಳೆದಾಗ ಬರುವ ನೂಲೂ ಇದೇ ಬಗೆಯದು.

ಇದು ಕ್ಸೈಲಂ ನಾಳದ ಒಳಗೋಡೆಗೆ ಬಲ ಕೊಡುತ್ತಿದ್ದ ಸುರುಳಿ. ಗಿಡದ ಭಾಗವೊಂದು ಇನ್ನೂ ಉದ್ದವಾಗುತ್ತಿರುವಾಗಲೇ ಅದಕ್ಕೆ ನೀರು ಬೇಕು. ನೀರನ್ನು ತರುವ ನಾಳ ಸತ್ತದ್ದಾದ್ದರಿಂದ ತಾನೇ ಬೆಳೆಯಲಾರದು. ಭಿತ್ತಿಯೆಲ್ಲ ಕಟ್ಟಿಗೆಗೆ ಗಡಸುತನ ಕೊಡುವ ವಸ್ತುವಾದ ಲಿಗ್ನಿನ್‌ನಿಂದ ಬಿಗಿಯಾದರೆ ಸುತ್ತಲಿನ ಅಂಗಾಂಶ ಹಿಗ್ಗುವಾಗ ಅದು ಮುರಿಯುತ್ತದೆ, ಭಿತ್ತಿಗೆ ಬಲವೇ ಇಲ್ಲದಿದ್ದರೆ ನೀರಿನ ಎಳೆತಕ್ಕೆ ಒಳಕ್ಕೆ ಕುಸಿಯುತ್ತದೆ. ಈ ಇಕ್ಕಟ್ಟಿಗೆ ಗಿಡ ಕಂಡುಕೊಂಡ ಪರಿಹಾರ ಎಂದರೆ, ಮೊದಲು ಹುಟ್ಟುವ ನಾಳಗಳಲ್ಲಿ ಲಿಗ್ನಿನ್ನನ್ನು ಉಂಗುರಗಳಾಗಿ ಅಥವಾ ಸುರುಳಿಯಾಗಿ ಮಾತ್ರ ಇಡುವುದು. ಉಂಗುರಗಳ ನಡುವಿನ ತೆಳುಭಿತ್ತಿ ಹಿಗ್ಗುತ್ತದೆ, ಉಂಗುರ ಕುಸಿತವನ್ನು ತಡೆಯುತ್ತದೆ. ಉದ್ದವಾಗುವುದು ನಿಂತ ಮೇಲೆ ಹುಟ್ಟುವ ನಾಳಗಳಲ್ಲಿ ಮಾತ್ರ ಭಿತ್ತಿ ಹೆಚ್ಚು ಕಡಿಮೆ ಪೂರ್ತಿಯಾಗಿ ದಪ್ಪವಾಗಿ, ಪಕ್ಕದ ನಾಳಕ್ಕೆ ನೀರು ದಾಟಲು ಸಣ್ಣ ಕುಳಿಗಳಷ್ಟೇ ಉಳಿಯುತ್ತವೆ. ಬೆಳವಣಿಗೆ ಮತ್ತು ಸಾಗಣೆ ಒಂದೇ ಜಾಗದಲ್ಲಿ ನಡೆಯಲೇಬೇಕಾದ ಕಡೆ ಗಿಡ ಹೇಗೆ ಹೊಂದಿಸಿಕೊಂಡಿದೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ರಚನೆ ಇನ್ನೊಂದಿಲ್ಲ.

ನಾಳದ ತುದಿಗಳು ತೆರೆದಿರುತ್ತವೆ ಎಂಬುದನ್ನು ಕಾಣಲು ಒಂದು ಗೇಣುದ್ದದ, ಬಣ್ಣ ಬಳಿಯದ ಒಣ ಬೆತ್ತದ ತುಂಡು ಸಾಕು. ಎರಡೂ ತುದಿಗಳನ್ನು ಚೂಪಾದ ಚಾಕುವಿನಿಂದ ಹೊಸದಾಗಿ ಕೊಯ್ದು, ಒಂದು ತುದಿಯನ್ನು ಸಾಬೂನು ನೀರಿನಲ್ಲಿ ಮುಳುಗಿಸಿ ಇನ್ನೊಂದು ತುದಿಯಿಂದ ಬಲವಾಗಿ ಊದಿದರೆ ನೊರೆ ಏಳುತ್ತದೆ. ಒಂದರ ಮೇಲೊಂದು ನಿಂತ ಕೋಶಗಳು ಸತ್ತು, ಅವುಗಳ ನಡುವಿನ ಅಡ್ಡಗೋಡೆಗಳು ಕರಗಿ ಒಂದೇ ಕೊಳವೆಯಾಗಿರುವುದರಿಂದ ಉಸಿರು ಹೀಗೆ ಹಾಯ್ದು ಬರುತ್ತದೆ. ಬಡಗಿಯ ಮನೆಯಲ್ಲಿ ತೇಗದ ಹಲಗೆಯ ಅಡ್ಡ ತುದಿಯನ್ನು ನೋಡಿದರೂ ಅಗಲವಾದ ನಾಳಗಳ ರಂಧ್ರಗಳು ಬರಿಗಣ್ಣಿಗೆ ಕಾಣುತ್ತವೆ.

ಹಂತ 6: ಫ್ಲೋಯಂ

ಫ್ಲೋಯಂ ಕೋಶಗಳು ಸತ್ತವಲ್ಲ, ಹಾಗೆಂದು ಪೂರ್ತಿಯಾಗಿ ಸ್ವತಂತ್ರವೂ ಅಲ್ಲ. ಸಕ್ಕರೆಯನ್ನು ಸಾಗಿಸುವ ಜರಡಿ ನಾಳದ ಕೋಶ ಬಲಿಯುವಾಗ ತನ್ನ ಕೋಶಕೇಂದ್ರವನ್ನೂ ರಸದಾನಿಯನ್ನೂ ಕಳೆದುಕೊಂಡು ಹರಿವಿಗೆ ಜಾಗ ಮಾಡಿಕೊಡುತ್ತದೆ. ಅದನ್ನು ಜೀವಂತವಾಗಿ ಇಡುವ ಹೊಣೆಯನ್ನು ಪಕ್ಕದ ಸಂಗಾತಿ ಕೋಶ ಹೊರುತ್ತದೆ. ಎಲೆಯಲ್ಲಿ ಸಕ್ಕರೆ ತುಂಬಿಕೊಂಡಾಗ ನೀರು ಒಳನುಗ್ಗಿ ಒತ್ತಡ ಹೆಚ್ಚುತ್ತದೆ, ಬೇರು ಅಥವಾ ಕಾಯಿಯಲ್ಲಿ ಸಕ್ಕರೆ ಇಳಿದಾಗ ಒತ್ತಡ ತಗ್ಗುತ್ತದೆ. ಈ ವ್ಯತ್ಯಾಸವೇ ರಸವನ್ನು ಹರಿಸುತ್ತದೆ ಎಂದು ಜರ್ಮನಿಯ ಅರ್ನ್ಸ್ಟ್ ಮ್ಯೂಂಕ್ 1930ರಲ್ಲಿ ವಿವರಿಸಿದರು.

ಇದು ಒತ್ತಡದಿಂದ ಹರಿಯುವುದರಿಂದಲೇ ಕುಂಬಳ ಬಳ್ಳಿಯ ಕಾಂಡವನ್ನು ಕತ್ತರಿಸಿದ ಕೂಡಲೇ ಹನಿಗಳು ಹೊರಗೆ ಉಕ್ಕಿ, ಸ್ವಲ್ಪ ಹೊತ್ತಿಗೆ ಲೋಳೆಯಾಗಿ ಗಟ್ಟಿಯಾಗುತ್ತವೆ. ತೆಂಗಿನ ಹೊಂಬಾಳೆಯಿಂದ ಇಳಿಸುವ ನೀರಾ ಕೂಡ ಫ್ಲೋಯಂ ರಸವೇ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಇದನ್ನು ಹುಳಿಯದಂತೆ ತಂಪಿನಲ್ಲಿ ಸಂಗ್ರಹಿಸುವ ವಿಧಾನ ರೂಪಿಸಿ ಕಲ್ಪರಸ ಎಂದು ಹೆಸರಿಟ್ಟಿದೆ. ತೆಂಗಿಗೆ ಹೊಸ ಫ್ಲೋಯಂ ಹುಟ್ಟಿಸುವ ಕ್ಯಾಂಬಿಯಂ ಇಲ್ಲದ ಕಾರಣ, ಕಾಂಡದ ಬುಡದಲ್ಲಿರುವ ಜರಡಿ ನಾಳಗಳು ದಶಕಗಳ ಕಾಲ ಜೀವಂತವಾಗಿದ್ದು ಕೆಲಸ ಮಾಡಬೇಕು. ಕೋಶಕೇಂದ್ರವಿಲ್ಲದ ಕೋಶ ಇಷ್ಟು ಕಾಲ ಬಾಳುವುದು ನಿಜಕ್ಕೂ ಬೆರಗಿನ ಸಂಗತಿ.

ಹಂತ 7: ಗೂಟಿ ಕಟ್ಟುವುದು

ಇದುವರೆಗೆ ನೋಡಿದ ಮೂರೂ ಅಂಗಾಂಶಗಳನ್ನು ಒಂದೇ ಕೊಂಬೆಯಲ್ಲಿ ಪರೀಕ್ಷಿಸಿ, ಕೊನೆಗೆ ಒಂದು ಹೊಸ ಗಿಡವನ್ನೂ ಪಡೆಯುವ ವಿಧಾನ ಗೂಟಿ, ಅಂದರೆ ಕೊಂಬೆ ತಾಯಿಗಿಡದ ಮೇಲಿರುವಾಗಲೇ ಅದಕ್ಕೆ ಬೇರು ಬರಿಸುವುದು. ದಾಳಿಂಬೆ, ಸೀಬೆ, ನಿಂಬೆ, ದಾಸವಾಳ, ಕ್ರೋಟನ್ ಇದಕ್ಕೆ ಚೆನ್ನಾಗಿ ಒಗ್ಗುತ್ತವೆ. ಮುಂಗಾರು ಹಿಡಿದ ಮೇಲೆ ಮಾಡುವುದು ಒಳ್ಳೆಯದು, ಏಕೆಂದರೆ ಆಗ ಕ್ಯಾಂಬಿಯಂ ಬಿರುಸಾಗಿ ವಿಭಜನೆಗೊಳ್ಳುತ್ತಿದ್ದು, ಅದರ ಎಳೆಯ ತೆಳುಭಿತ್ತಿಯ ಕೋಶಗಳು ಸುಲಭವಾಗಿ ಹರಿಯುವುದರಿಂದ ತೊಗಟೆ ಸಲೀಸಾಗಿ ಬಿಡುತ್ತದೆ.

ಪೆನ್ಸಿಲ್‌ನಷ್ಟು ದಪ್ಪದ, ಆರೋಗ್ಯವಾದ ಕೊಂಬೆಯನ್ನು ಆರಿಸಿ, ತುದಿಯಿಂದ ಸುಮಾರು ಒಂದೂವರೆ ಗೇಣು ಕೆಳಗೆ, ಗೆಣ್ಣಿನ ತುಸು ಕೆಳಭಾಗದಲ್ಲಿ ಎರಡೂವರೆ ಸೆಂಟಿಮೀಟರ್ ಅಗಲದ ತೊಗಟೆಯ ಉಂಗುರವನ್ನು ಬಿಡಿಸಿರಿ. ಚಾಕು ಕಟ್ಟಿಗೆಯೊಳಗೆ ಇಳಿಯಬಾರದು. ತೊಗಟೆಯ ಜೊತೆ ಫ್ಲೋಯಂ ಹೋಗುತ್ತದೆ, ಕ್ಸೈಲಂ ಕಟ್ಟಿಗೆಯಲ್ಲಿ ಉಳಿಯುತ್ತದೆ. ಅದಕ್ಕಾಗಿಯೇ ಕೊಂಬೆ ಬಾಡದೆ ಹಸಿರಾಗಿರುತ್ತದೆ. ಕಟ್ಟಿಗೆಯ ಮೇಲೆ ಕೈಗೆ ಜಾರುವಂತೆ ಹತ್ತುವ ಲೋಳೆಯೇ ಕ್ಯಾಂಬಿಯಂ; ಚಾಕುವಿನ ಬೆನ್ನಿನಿಂದ ಅದನ್ನು ಪೂರ್ತಿ ಕೆರೆದು ತೆಗೆಯಬೇಕು. ಬಹಳ ಗೂಟಿಗಳು ಸೋಲುವುದು ಈ ಕೆರೆಯುವ ಕೆಲಸದ ಅಲಕ್ಷ್ಯದಿಂದ. ಒಂದು ಎಳೆಯಷ್ಟು ಕ್ಯಾಂಬಿಯಂ ಉಳಿದರೂ ಅದು ಹೊಸ ಫ್ಲೋಯಂ ಹುಟ್ಟಿಸಿ ಗಾಯಕ್ಕೆ ಸೇತುವೆ ಕಟ್ಟುತ್ತದೆ, ಸಕ್ಕರೆ ಮತ್ತೆ ಕೆಳಗಿಳಿಯುತ್ತದೆ, ಬೇರು ಬರುವುದಿಲ್ಲ.

ಉಂಗುರದ ಮೇಲಿನ ಅಂಚಿಗೆ ಬೇರು ಬರಿಸುವ ಹಾರ್ಮೋನ್ ಪುಡಿಯನ್ನು ಸವರಿದರೆ ಅನುಕೂಲ. ಇಲ್ಲದಿದ್ದರೂ ದಾಸವಾಳದಂಥ ಗಿಡಗಳಲ್ಲಿ ಬೇರು ಬರುತ್ತದೆ. ನೆನೆಸಿ ಹಿಂಡಿದ ಸ್ಫ್ಯಾಗ್ನಂ ಪಾಚಿಯನ್ನು ಅಥವಾ ತೆಂಗಿನ ನಾರಿನ ಪುಡಿಯನ್ನು ಮುಷ್ಟಿಯಷ್ಟು ಇಟ್ಟು, ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಸುತ್ತಿ ಎರಡೂ ತುದಿಗಳನ್ನು ಬಿಗಿಯಾಗಿ ಕಟ್ಟಿರಿ. ಎಲೆಗಳಿಂದ ಇಳಿಯುವ ಸಕ್ಕರೆಯೂ ಬೇರು ಹುಟ್ಟಿಸುವ ಆಕ್ಸಿನ್ ಹಾರ್ಮೋನೂ ಮೇಲಿನ ಅಂಚಿನಲ್ಲಿ ತಡೆದು ನಿಲ್ಲುವುದರಿಂದ ಅಲ್ಲಿ ತೊಗಟೆ ಊದಿಕೊಳ್ಳುತ್ತದೆ. ಇಟಲಿಯ ಮಾರ್ಚೆಲ್ಲೊ ಮಾಲ್ಪೀಗಿ 17ನೆಯ ಶತಮಾನದಲ್ಲೇ ತೊಗಟೆಯ ಉಂಗುರ ತೆಗೆದು ಇದೇ ಊತವನ್ನು ಗಮನಿಸಿ, ಎಲೆಯಲ್ಲಿ ಸಿದ್ಧವಾದ ಆಹಾರ ತೊಗಟೆಯ ಮೂಲಕ ಇಳಿಯುತ್ತದೆ ಎಂದು ಊಹಿಸಿದ್ದರು. ಇದೇ ಉಂಗುರವನ್ನು ಮರದ ಬುಡದ ಕಾಂಡಕ್ಕೆ ಮಾಡಿದರೆ ಬೇರುಗಳು ಹಸಿದು ಇಡೀ ಮರ ನಿಧಾನವಾಗಿ ಸಾಯುತ್ತದೆ. ಬೀದಿಮರಗಳಿಗೆ ಬಿಗಿದ ತಂತಿಯೂ ಕಾಂಡ ದಪ್ಪವಾದಂತೆ ತೊಗಟೆಯೊಳಗೆ ಹುದುಗಿ ಇದೇ ಹಾನಿ ಮಾಡುವುದರಿಂದ, ಅಂಥ ತಂತಿ ಕಂಡಲ್ಲಿ ಸಡಿಲಿಸಬೇಕು.

ಗಿಡವನ್ನು ಅವಲಂಬಿಸಿ ಒಂದರಿಂದ ಎರಡು ತಿಂಗಳೊಳಗೆ ಪ್ಲಾಸ್ಟಿಕ್‌ನ ಒಳಗೆ ಬೇರುಗಳು ಕಾಣುತ್ತವೆ. ಮೊದಲು ಬರುವ ಬಿಳಿ ಬೇರುಗಳನ್ನು ನೋಡಿ ಆತುರಪಡದೆ, ಅವು ಕವಲೊಡೆದು ಕಂದು ಬಣ್ಣಕ್ಕೆ ತಿರುಗುವವರೆಗೆ ಕಾಯಬೇಕು. ಬಳಿಕ ಉಂಗುರದ ಕೆಳಗೆ ಕತ್ತರಿಸಿ, ಹಾಳೆ ಬಿಚ್ಚಿ, ಪಾಚಿಯನ್ನು ಕದಲಿಸದೆ ಮಣ್ಣು ತುಂಬಿದ ಚೀಲದಲ್ಲಿ ನೆಡಿರಿ. ಈವರೆಗೆ ತಾಯಿಗಿಡದ ಇಡೀ ಬೇರಿನ ಸಮೂಹ ಒದಗಿಸುತ್ತಿದ್ದ ನೀರನ್ನು ಇನ್ನು ಮುಷ್ಟಿಯಷ್ಟು ಬೇರುಗಳೇ ಕೊಡಬೇಕಾಗಿರುವುದರಿಂದ, ನೆಡುವ ದಿನವೇ ಸುಮಾರು ಅರ್ಧದಷ್ಟು ಎಲೆಗಳನ್ನು ಕತ್ತರಿಸಿ, ಹೊಸ ಚಿಗುರು ಬರುವ ತನಕ ನೆರಳಿನಲ್ಲಿ ಇಟ್ಟು ಚೀಲದ ಮಣ್ಣು ಒಣಗದಂತೆ ನೋಡಿಕೊಳ್ಳಿರಿ.